ಕಾಂಪೌಂಡಿನ ಹೊರಗಿರುವವರಿಗೆ

ಕೋಡಿಹಳ್ಳಿ ಹೋಬಳಿಯ ಗ್ರಾಮ ಪಂಚಾಯಿತಿ ಸದಸ್ಯರಿಗೆ, ಈಗ ಕುರ್ಚಿಯಲ್ಲಿರುವವರಿಗೂ ಮುಂದೆ ಗೆದ್ದು ಬರುವವರಿಗೂ, ಡೈರಿ ಕಾರ್ಯದರ್ಶಿಗಳಿಗೆ, ಸ್ತ್ರೀಶಕ್ತಿ ಸಂಘದ ಅಕ್ಕಂದಿರಿಗೆ,

ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ ಬರುತ್ತದೆ ಎಂಬ ಮಾತು ಹುಟ್ಟಿದಾಗಿನಿಂದ ಕನಕಪುರ ರಸ್ತೆಯ ಉದ್ದಕ್ಕೂ ಒಂದೇ ಪ್ರಶ್ನೆ: ಎಕರೆಗೆ ಎಷ್ಟು? ಅರಳಿಕಟ್ಟೆಯಲ್ಲಿ, ಗೂಡಿನ ಮಾರುಕಟ್ಟೆಯಲ್ಲಿ, ಬೀಗರ ಊಟದ ಪಂಕ್ತಿಯಲ್ಲಿ ಅದೇ ಲೆಕ್ಕ. ನೆಲ ನಂಬಿ ಬದುಕಿದವರು ನೆಲದ ಬೆಲೆ ಕೇಳುವುದು ತಪ್ಪೇನಲ್ಲ. ಆದರೆ ವಿಮಾನ ನಿಲ್ದಾಣದ ಒಳಗೆ, ಅಗ್ನಿಶಾಮಕ ವಿಭಾಗದಲ್ಲಿ ದುಡಿದು ನಿವೃತ್ತನಾದ ನನಗೆ ಇನ್ನೊಂದು ಪ್ರಶ್ನೆ ಕೊರೆಯುತ್ತಿದೆ. ಅದನ್ನು ಯಾರೂ ಕೇಳುತ್ತಿಲ್ಲವಾದ್ದರಿಂದ ಈ ಪತ್ರ.

ಮೊದಲು ಗೊತ್ತಿರುವ ಸಂಗತಿ. ರಾಜ್ಯ ಸರ್ಕಾರ ಗುರುತಿಸಿದ ಜಾಗಗಳು ಮೂರು: ಕನಕಪುರ ರಸ್ತೆಯ ಚೂಡಹಳ್ಳಿ, ಸೋಮನಹಳ್ಳಿ, ಮತ್ತು ನೆಲಮಂಗಲ–ಕುಣಿಗಲ್ ರಸ್ತೆಯ ಕಡೆ ಒಂದು. 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಮೂರನ್ನೂ ಬಂದು ನೋಡಿಕೊಂಡು ಹೋಯಿತು. ದೇವನಹಳ್ಳಿಯ ನಿಲ್ದಾಣದೊಂದಿಗಿನ ಒಪ್ಪಂದದ ಪ್ರಕಾರ 150 ಕಿಲೋಮೀಟರ್ ಒಳಗೆ ಮೈಸೂರು, ಹಾಸನ ಬಿಟ್ಟು ಬೇರೆ ನಿಲ್ದಾಣ 2033ರವರೆಗೆ ತಲೆಯೆತ್ತುವಂತಿಲ್ಲ. ದೇವನಹಳ್ಳಿಯಲ್ಲಿ ಈಗಾಗಲೇ ವರ್ಷಕ್ಕೆ ನಾಲ್ಕು ಕೋಟಿಗೂ ಹೆಚ್ಚು ಜನ ಹತ್ತಿಳಿಯುತ್ತಿದ್ದಾರೆ. ಅಂದರೆ ಇದು ನಾಳೆ ಬೆಳಗ್ಗೆ ಬರುವ ಜೆಸಿಬಿ ಅಲ್ಲ, ಹಾಗೆಂದು ಮರೆತು ಕೂರುವಷ್ಟು ದೂರದ್ದೂ ಅಲ್ಲ.

ಸೋಮನಹಳ್ಳಿ ಎಲ್ಲಿ, ಕೋಡಿಹಳ್ಳಿ ಎಲ್ಲಿ, ನಮಗೇಕೆ ಈ ಉಸಾಬರಿ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ವಲಯಗಳ ಹೆಸರು ನೆನಪಿಸಿಕೊಳ್ಳಿ: ಬನ್ನೇರುಘಟ್ಟ, ಆನೇಕಲ್, ಹಾರೋಹಳ್ಳಿ, ಕೋಡಿಹಳ್ಳಿ. ಆ ಕಡೆ ಕಾಡಿನ ಅಂಚಿನಲ್ಲಿ ರಾತ್ರಿಯೆಲ್ಲ ದೀಪ, ಸದ್ದು, ಲಾರಿ ಓಡಾಟ ಶುರುವಾದರೆ ಆನೆ ಈ ಕಡೆಯ ರಾಗಿ ಹೊಲಕ್ಕೆ ಬರುತ್ತದೆ. ಅದಕ್ಕೆ ತಾಲೂಕು ನಕ್ಷೆ ಗೊತ್ತಿಲ್ಲ. ಇನ್ನೊಂದು ಕಾರಣ, ಚೂಡಹಳ್ಳಿ, ಸೋಮನಹಳ್ಳಿಯವರಿಗೆ ಈಗ ಬೇರೆ ಯೋಚನೆ ಮಾಡಲು ಪುರಸೊತ್ತಿಲ್ಲ. ಅವರ ಮನೆ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿದ್ದಾರೆ. ಸ್ವಲ್ಪ ದೂರದಲ್ಲಿರುವ ನಾವು ತಣ್ಣಗೆ ಕೂತು ಯೋಚಿಸಬಹುದು.

ನಾನು ಹೇಳಬೇಕೆಂದಿರುವುದು ಇಷ್ಟು: ವಿಮಾನ ನಿಲ್ದಾಣದ ಸುರಕ್ಷತೆ ಅದರ ಕಾಂಪೌಂಡಿನೊಳಗೆ ಮುಗಿಯುವುದಿಲ್ಲ. ಅರ್ಧ ಭಾಗ ಹೊರಗಿನ ಹಳ್ಳಿಗಳ ಕೈಯಲ್ಲಿರುತ್ತದೆ. ನಮ್ಮ ಕೈಯಲ್ಲಿರುವ ಆ ಅರ್ಧವನ್ನು ಯಾರೂ ನಮಗೆ ತಿಳಿಸಿ ಹೇಳುವುದಿಲ್ಲ, ಅದಕ್ಕೆ ಸಂಬಳವಿಲ್ಲ, ಸಮಿತಿಯಲ್ಲಿ ಜಾಗವಿಲ್ಲ. ಜಾಗ ಅಂತಿಮವಾಗುವ ಮೊದಲೇ ಅದನ್ನು ಕೇಳಿ ಪಡೆಯಬೇಕು. ಆಮೇಲೆ ಕೇಳಿದರೆ ಗೇಟಿನ ಹೊರಗೆ ನಿಂತು ಕೇಳಬೇಕಾಗುತ್ತದೆ.

ಇದು ಬಾಯಿಮಾತಲ್ಲ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಪಕ್ಕದಲ್ಲೂ ಒಂದು ಕೋಡಿಹಳ್ಳಿ ಇದೆ, ಕೇಳಿರುತ್ತೀರಿ. ಒಂದು ಕಾಲಕ್ಕೆ ನಮ್ಮೂರಿನಂತೆಯೇ ಕೆರೆ, ತೋಟ, ಹಸು ಇದ್ದ ಹಳ್ಳಿ. 1940ರಲ್ಲಿ ಎಚ್‌ಎಎಲ್ ಬಂದಮೇಲೆ ಅದರ ತಲೆಯ ಮೇಲೆ ವಿಮಾನ ಹಾರತೊಡಗಿದವು. ಆ ಸೀಮೆಯಲ್ಲೇ 1990ರ ಫೆಬ್ರುವರಿ 14ರಂದು ಮುಂಬೈನಿಂದ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚಹೊಸ ಏರ್‌ಬಸ್ 320 ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿತ್ತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ಬಿದ್ದದ್ದು ನಿಲ್ದಾಣದ ಗೋಡೆಯ ಹೊರಗೆ. ಒಳಗಿದ್ದ ಅಗ್ನಿಶಾಮಕ ವಾಹನಗಳಿಗೆ ಅಲ್ಲಿಗೆ ತಲುಪುವುದೇ ಕಷ್ಟವಾಯಿತು. ನ್ಯಾಯಮೂರ್ತಿ ಶಿವಶಂಕರ ಭಟ್ ಅವರ ತನಿಖಾ ನ್ಯಾಯಾಲಯ ಪೈಲಟ್‌ಗಳ ಬಗ್ಗೆ, ಯಂತ್ರದ ಬಗ್ಗೆ ಪುಟಗಟ್ಟಲೆ ಬರೆಯಿತು. ನಮ್ಮಂಥ ಕೆಲಸದವರ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಗೋಡೆಯ ಈಚೆಗೂ ಆಚೆಗೂ ಇದ್ದ ಆ ಕೆಲವೇ ಗಜಗಳ ದೂರ.

ಇಪ್ಪತ್ತು ವರ್ಷದ ನಂತರ ಮಂಗಳೂರು. 2010ರ ಮೇ 22, ಬೆಳಗಿನ ಆರು ಗಂಟೆಯ ಹೊತ್ತು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ತಲೆಯ ಮೇಲಿನ ರನ್‌ವೇಯಲ್ಲಿ ತೀರ ಮುಂದೆ ನೆಲ ಮುಟ್ಟಿ, ನಿಲ್ಲಲಾಗದೆ ಕೆಂಜಾರಿನ ಕಣಿವೆಗೆ ಉರುಳಿತು. 166 ಜನರಲ್ಲಿ 158 ಜನ ಹೋದರು, ಉಳಿದವರು ಎಂಟು ಮಂದಿ. ಕಣಿವೆಗೆ ಮೊದಲು ಇಳಿದವರು ಕೆಂಜಾರಿನ ಜನ. ತೋಟದಲ್ಲಿ, ಹಟ್ಟಿಯಲ್ಲಿ ಬೆಳಗಿನ ಕೆಲಸದಲ್ಲಿದ್ದವರು. ಅವರಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಉರಿಯುವ ವಿಮಾನದ ಹತ್ತಿರ ಯಾವ ಕಡೆಯಿಂದ ಹೋಗಬೇಕು, ಯಾವ ಕಡೆಯಿಂದ ಹೋಗಬಾರದು ಎಂದು ಹೇಳಿರಲಿಲ್ಲ. ಹೋದರು ಅಷ್ಟೇ.

ಆ ಅಪಘಾತದ ಎರಡು ಸಂಗತಿಗಳನ್ನು ನಿಮ್ಮ ಮುಂದಿಡಬೇಕು. ಏರ್ ಮಾರ್ಷಲ್ ಗೋಖಲೆ ಅವರ ನೇತೃತ್ವದ ತನಿಖೆಯಲ್ಲಿ ಕಾಕ್‌ಪಿಟ್‌ನ ಧ್ವನಿಮುದ್ರಣ ಕೇಳಿದರು. ಎರಡು ಗಂಟೆ ಐದು ನಿಮಿಷದ ಮುದ್ರಣದಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು, ಗೊರಕೆ ಕೇಳುತ್ತದೆ. ಇಳಿಯುವ ಹೊತ್ತಿಗೆ ವಿಮಾನ ಎತ್ತರದಲ್ಲಿತ್ತು, ವೇಗ ಜಾಸ್ತಿಯಿತ್ತು. ಪಕ್ಕದಲ್ಲಿದ್ದ ಕಿರಿಯ ಪೈಲಟ್ ಇಳಿಸುವುದು ಬೇಡ, ಮತ್ತೆ ಮೇಲಕ್ಕೆ ಹೋಗೋಣ ಎಂದು ಮೂರು ಸಲ ಹೇಳಿದರು. ಹಿರಿಯರು ಕೇಳಲಿಲ್ಲ. ಇವತ್ತು ಜಗತ್ತಿನ ವಿಮಾನಯಾನದಲ್ಲಿ ಸುರಕ್ಷತಾ ನಿರ್ವಹಣೆ ಎಂದು ದೊಡ್ಡ ದೊಡ್ಡ ಕೈಪಿಡಿಗಳಿವೆ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಅದಕ್ಕೆಂದೇ 2013ರಲ್ಲಿ ಹತ್ತೊಂಬತ್ತನೇ ಅನುಬಂಧ ತಂದಿತು. ಅಷ್ಟೆಲ್ಲದರ ತಿರುಳು ಹಿಂಡಿದರೆ ಸಿಗುವುದು ಒಂದೇ: ಕಿರಿಯನಿಗೆ ತಪ್ಪು ಕಂಡರೆ ಬಾಯಿಬಿಟ್ಟು ಹೇಳಲು ಧೈರ್ಯವಿರಬೇಕು, ಹೇಳಿದ್ದಕ್ಕೆ ಶಿಕ್ಷೆ ಇರಬಾರದು, ಹಿರಿಯನಿಗೆ ಕೇಳುವ ಕಿವಿ ಇರಬೇಕು. ನಮ್ಮ ಗ್ರಾಮಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಹಿಡಿದು ಕೂತ ಅಕ್ಕಂದಿರನ್ನು ಕಂಡಾಗೆಲ್ಲ ನನಗೆ ಆ ಕಿರಿಯ ಪೈಲಟ್ ನೆನಪಾಗುತ್ತಾನೆ. ಚರಂಡಿ ಎಲ್ಲಿ ಕಟ್ಟಿಕೊಳ್ಳುತ್ತದೆ, ಕೋಳಿ ಅಂಗಡಿಯವನು ಚೀಲ ಎಲ್ಲಿ ಸುರಿಯುತ್ತಾನೆ ಎಂಬುದು ಅಧ್ಯಕ್ಷರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಎರಡನೆಯ ಸಂಗತಿ ಒಂದು ಕಾಂಕ್ರೀಟ್ ಕಟ್ಟೆಯದು. ರನ್‌ವೇ ಮುಗಿದ ಮೇಲೆ ವಿಮಾನಕ್ಕೆ ದಾರಿ ತೋರಿಸುವ ಆಂಟೆನಾ ಇರುತ್ತದೆ. ಅದರ ಬುಡ ತಾಗಿದರೆ ಮುರಿದು ಬೀಳುವಂತಿರಬೇಕು ಎಂಬುದು ನಿಯಮ. ಮಂಗಳೂರಿನಲ್ಲಿ ಅದು ಗಟ್ಟಿ ಕಾಂಕ್ರೀಟಿನ ಮೇಲೆ ನಿಂತಿತ್ತು, ರೆಕ್ಕೆ ಅದಕ್ಕೆ ಬಡಿಯಿತು. ಹದಿನಾಲ್ಕು ವರ್ಷದ ನಂತರ, 2024ರ ಡಿಸೆಂಬರ್ 29ರಂದು, ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಜೆಜು ಏರ್ ವಿಮಾನ ಅದೇ ಬಗೆಯ ಆಂಟೆನಾದ ಕಾಂಕ್ರೀಟ್ ದಿಬ್ಬಕ್ಕೆ ಗುದ್ದಿತು. 181 ಜನರಲ್ಲಿ ಬದುಕಿದವರು ಇಬ್ಬರೇ. ನಮ್ಮ ಕರಾವಳಿಯಲ್ಲಿ 158 ಜೀವ ತೆತ್ತು ಕಲಿತ ಪಾಠ ಕೊರಿಯಾಕ್ಕೆ ಮುಟ್ಟಿರಲಿಲ್ಲ. ಆ ವಿಮಾನಕ್ಕೆ ಮೊದಲು ಬಡಿದದ್ದು ಹಕ್ಕಿ. ಮುವಾನ್ ನಿಲ್ದಾಣ ಇರುವುದು ವಲಸೆ ಹಕ್ಕಿಗಳ ತಾಣದ ಮಗ್ಗುಲಲ್ಲಿ. ಈ ಹಕ್ಕಿಯ ವಿಷಯಕ್ಕೆ ಮತ್ತೆ ಬರುತ್ತೇನೆ, ನಮಗೆ ಅದೇ ದೊಡ್ಡದು.

ಕೋಳಿಕ್ಕೋಡ್ ನಿಮಗೆ ನೆನಪಿರಬಹುದು, 2020ರ ಆಗಸ್ಟ್ 7. ಕೊರೊನಾ ಕಾಲ, ಸುರಿಯುವ ಮಳೆ. ವಿಮಾನ ಗುಡ್ಡದಿಂದ ಜಾರಿ ಮೂರು ತುಂಡಾಯಿತು, 21 ಜನ ಸತ್ತರು. ಕೊಂಡೋಟ್ಟಿಯ ಜನ ಸೋಂಕಿನ ಭಯ ಬಿಟ್ಟು ಓಡಿಬಂದು, ಗಾಯಾಳುಗಳನ್ನು ತಮ್ಮ ಕಾರುಗಳಲ್ಲೇ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದರು, ರಾತ್ರಿಯೇ ರಕ್ತ ಕೊಡಲು ಸಾಲು ನಿಂತರು.

2025ರ ಜೂನ್ 12ರ ಅಹಮದಾಬಾದ್ ಬೇರೆ ಥರದ್ದು. ಅಲ್ಲಿ ಹೊರಗಿನವರು ಕಾಪಾಡಲು ಹೋದವರಷ್ಟೇ ಅಲ್ಲ, ಸತ್ತವರೂ ಹೌದು. ವೈದ್ಯಕೀಯ ಕಾಲೇಜಿನ ಹಾಸ್ಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತ ಹುಡುಗರ ಮೇಲೆ ವಿಮಾನ ಬಿತ್ತು. ವಿಮಾನದ 241 ಜನರ ಜತೆ ನೆಲದ ಮೇಲಿದ್ದ 19 ಮಂದಿ ಹೋದರು. ಟಿಕೆಟ್ ಕೊಂಡು ವಿದೇಶಕ್ಕೆ ಹೊರಟವರಿಗೆ ಮಾಂಟ್ರಿಯಲ್ ಒಪ್ಪಂದದ ಬಲವಿರುತ್ತದೆ, ತಪ್ಪು ಯಾರದೆಂದು ಸಾಬೀತು ಮಾಡದೆಯೂ ಒಂದು ಮಟ್ಟದವರೆಗೆ ಪರಿಹಾರ ಸಿಗುತ್ತದೆ. ನೆಲದ ಮೇಲೆ ಇದ್ದವರಿಗೆ ಆ ಒಪ್ಪಂದ ಅನ್ವಯಿಸುವುದಿಲ್ಲ. ಆ ವಿಮಾನ ಕಂಪನಿಯ ಒಡೆಯರಾದ ಟಾಟಾ ಸಮೂಹ ಸತ್ತವರ ಮನೆಗಳಿಗೆ ತಲಾ ಒಂದು ಕೋಟಿ ರೂಪಾಯಿ ಘೋಷಿಸಿತು, ಟ್ರಸ್ಟ್ ಕಟ್ಟಿತು. ಒಳ್ಳೆಯದೇ. ಆದರೆ ನಾಳೆ ನಮ್ಮ ಸೀಮೆಯಲ್ಲಿ ಯಾವ ಕಂಪನಿಯ ವಿಮಾನ ಹಾರುತ್ತದೋ, ಅದರ ಮನಸ್ಸು ಎಷ್ಟು ದೊಡ್ಡದೋ, ಹೊಲದಲ್ಲಿ ಕಳೆ ಕೀಳುವವಳು ಅದನ್ನು ನಂಬಿ ಕೂರಬೇಕೆ?

ಹೆದರಿಸಲು ಇದನ್ನೆಲ್ಲ ಬರೆಯುತ್ತಿಲ್ಲ. ನಮ್ಮ ಹೆದ್ದಾರಿಯಲ್ಲಿ ಒಂದು ವರ್ಷ ಓಡಾಡುವುದಕ್ಕಿಂತ ವಿಮಾನದಲ್ಲಿ ಕೂರುವುದು ಎಷ್ಟೋ ನಿಶ್ಚಿಂತೆ. ನಿಲ್ದಾಣ ಬರಲೇಬಾರದು ಎನ್ನುವವನೂ ನಾನಲ್ಲ, ಅದರ ಅನ್ನ ಉಂಡವನು. ಬಂದರೆ ಹೇಗೆ ಬರಬೇಕು ಎಂಬುದಷ್ಟೇ ನನ್ನ ಮಾತು.

ಅಗ್ನಿಶಾಮಕದ ಲೆಕ್ಕದಿಂದ ಶುರು ಮಾಡೋಣ. ರನ್‌ವೇಯ ಯಾವ ಮೂಲೆಗಾದರೂ ಮೂರು ನಿಮಿಷದೊಳಗೆ ಮೊದಲ ವಾಹನ ತಲುಪಿ ನೊರೆ ಚಿಮ್ಮಿಸಬೇಕು, ಸಾಧ್ಯವಾದರೆ ಎರಡೇ ನಿಮಿಷದಲ್ಲಿ. ಅದಕ್ಕಾಗಿ ನಾವು ಹಗಲೂ ರಾತ್ರಿ ಬೂಟು ಬಿಚ್ಚದೆ ಕೂರುತ್ತಿದ್ದೆವು. ಆದರೆ ಆ ಮೂರು ನಿಮಿಷದ ಮಾತು ರನ್‌ವೇಗೆ. ಗೋಡೆಯಾಚೆ ಬಿದ್ದರೆ? ನೀರು, ನೊರೆ ತುಂಬಿದ ದೊಡ್ಡ ವಾಹನ ಮೂವತ್ತು ಟನ್ನು ದಾಟುತ್ತದೆ. ನಮ್ಮ ಕೆರೆ ಏರಿಯ ಮೇಲಿನ ರಸ್ತೆ, ಹಳ್ಳಕ್ಕೆ ಹಾಕಿದ ಮೋರಿ, ಪಂಚಾಯಿತಿ ಅನುದಾನದಲ್ಲಿ ಹಾಕಿದ ಸಿಮೆಂಟ್ ರಸ್ತೆ ಅದನ್ನು ತಡೆದೀತೆ? ಊರಿನೊಳಗೆ ಎರಡು ಟ್ರ್ಯಾಕ್ಟರ್ ಎದುರುಬದುರಾದರೆ ಅರ್ಧ ಗಂಟೆ ಪಂಚಾಯಿತಿ ನಡೆಯುತ್ತದೆ. ನಿಲ್ದಾಣದ ತುರ್ತು ಯೋಜನೆಯಲ್ಲಿ ಸುತ್ತಲಿನ ಊರುಗಳನ್ನೂ ಸೇರಿಸಿದ ಚೌಕುಳಿ ನಕ್ಷೆ ಇರುತ್ತದೆ. ಆ ನಕ್ಷೆಯ ಪ್ರತಿ ಚೌಕದ ರಸ್ತೆಯ ಅಗಲ, ಸೇತುವೆಯ ತಾಕತ್ತು, ನೀರು ಸಿಗುವ ಕೆರೆ ಅಥವಾ ಕಲ್ಲು ಕ್ವಾರಿಯ ಹೊಂಡ ಗುರುತಾಗಿರಬೇಕು. ಬೇಸಿಗೆಯಲ್ಲಿ ಯಾವ ಕೆರೆಯಲ್ಲಿ ನೀರಿರುತ್ತದೆ ಎಂದು ದೆಹಲಿಯಿಂದ ಬಂದ ಎಂಜಿನಿಯರಿಗೆ ಗೊತ್ತಿರುವುದಿಲ್ಲ. ನೀವು ಹೇಳಬೇಕು.

ಎರಡು ವರ್ಷಕ್ಕೊಮ್ಮೆ ಪೂರ್ಣ ಪ್ರಮಾಣದ ತುರ್ತು ಅಣಕು ಕಾರ್ಯಾಚರಣೆ ಮಾಡಬೇಕೆಂಬ ನಿಯಮವಿದೆ. ನಿಲ್ದಾಣದೊಳಗೆ ಹಳೇ ಬಸ್ಸಿಗೆ ಬೆಂಕಿ ಹಚ್ಚಿ ಆರಿಸುವುದಕ್ಕೆ ಅದು ನಿಲ್ಲಬಾರದು. ಪ್ರತಿ ಸಲವೂ ಒಂದು ಹಳ್ಳಿಯ ಹೊಲದಲ್ಲಿ, ಆ ಹಳ್ಳಿಯವರನ್ನೇ ಸೇರಿಸಿಕೊಂಡು ನಡೆಯಬೇಕು. ಕಲಿಯುವುದು ಬಹಳವೇನಿಲ್ಲ. ಗಾಳಿ ಬೀಸುವ ಕಡೆಯಿಂದ ಹತ್ತಿರ ಹೋಗಬೇಕು, ಹೊಗೆಗೆ ಎದುರಾಗಿ ಹೋಗಬಾರದು. ಎಂಜಿನ್ ನಿಂತಂತೆ ಕಂಡರೂ ಅದರ ಬಾಯಿಗೆ ಎದುರು ನಿಲ್ಲಬಾರದು. ಬೀಡಿ ಹಚ್ಚಬಾರದು, ವಿಮಾನದ ಇಂಧನ ಎಂದರೆ ಒಂದು ಬಗೆಯ ಸೀಮೆಎಣ್ಣೆ, ನೆಲದಲ್ಲಿ ಹರಿದಿರುತ್ತದೆ. ಜೀವ ಉಳಿಸಲು ಬೇಕಾದಷ್ಟೇ ತುಂಡು ಸರಿಸಬೇಕು, ಉಳಿದದ್ದನ್ನು ಮುಟ್ಟಬಾರದು, ತನಿಖೆಗೆ ಅದೇ ಸಾಕ್ಷಿ. ಬ್ಲ್ಯಾಕ್ ಬಾಕ್ಸ್ ಎನ್ನುವುದು ಕಪ್ಪಗಿರುವುದಿಲ್ಲ, ಕಿತ್ತಳೆ ಬಣ್ಣದ್ದು, ಸಿಕ್ಕರೆ ಅಲ್ಲೇ ಕಾವಲು ನಿಲ್ಲಬೇಕು. ರಸ್ತೆ ಖಾಲಿ ಬಿಡಬೇಕು. ಮೊಬೈಲ್ ಹಿಡಿದು ನಿಂತ ನೂರು ಜನ ಒಂದು ಆ್ಯಂಬುಲೆನ್ಸನ್ನು ಕೊಲ್ಲುತ್ತಾರೆ.

ಆ್ಯಂಬುಲೆನ್ಸ್ ಹೊರಟರೂ ಹೋಗುವುದೆಲ್ಲಿಗೆ? ಸುಟ್ಟ ಗಾಯ ಎಂದರೆ ಇವತ್ತಿಗೂ ವಿಕ್ಟೋರಿಯಾ ಆಸ್ಪತ್ರೆ. ಕನಕಪುರ ರಸ್ತೆಯಲ್ಲಿ ಸಂಜೆ ಹೊತ್ತು ಬೆಂಗಳೂರು ಹೊಕ್ಕವರಿಗೆ ಆ ದಾರಿ ಹೇಳಿಕೊಡಬೇಕಿಲ್ಲ. ಹಾಗಾಗಿ ಟರ್ಮಿನಲ್ಲಿನ ಗಾಜಿನ ಗೋಡೆ ಏಳುವ ಮೊದಲು ಕನಕಪುರದಲ್ಲೋ ಹಾರೋಹಳ್ಳಿಯಲ್ಲೋ ಸುಟ್ಟಗಾಯದ ಘಟಕ ಇರುವ ಸರ್ಕಾರಿ ಅಪಘಾತ ಚಿಕಿತ್ಸಾ ಆಸ್ಪತ್ರೆ ಏಳಬೇಕು. ವಿಮಾನ ಬೀಳದೆಯೇ ಅದು ದಿನವೂ ಉಪಯೋಗಕ್ಕೆ ಬರುತ್ತದೆ. ಹೆದ್ದಾರಿ 948ರಲ್ಲಿ ಬಿದ್ದವರಿಗೆ, ಒಲೆಯ ಬೆಂಕಿ ತಾಗಿದ ಹೆಣ್ಣುಮಕ್ಕಳಿಗೆ.

ಈಗ ಹಕ್ಕಿ. ರಾಮನಗರದ ರಾಮದೇವರ ಬೆಟ್ಟದಲ್ಲಿ ದೇಶದ ಮೊದಲ ರಣಹದ್ದು ಧಾಮವಿದೆ, 2012ರಲ್ಲಿ ಘೋಷಣೆಯಾದದ್ದು, ಸುಮಾರು 346 ಹೆಕ್ಟೇರು. ಉದ್ದ ಕೊಕ್ಕಿನ ರಣಹದ್ದು ಅಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಅದು ಬಂಡೆಯ ಮೇಲೆ ಸುಮ್ಮನೆ ಕೂರುವ ಹಕ್ಕಿಯಲ್ಲ. ಬಿಸಿಲೇರಿದ ಮೇಲೆ ಬಿಸಿಗಾಳಿಯ ಸುಳಿ ಹಿಡಿದು ಮೇಲೇರುತ್ತದೆ, ಮೇವು ಹುಡುಕಿ ಹತ್ತಾರು ಮೈಲಿ ಸುತ್ತುತ್ತದೆ. ಇನ್ನು ರನ್‌ವೇ ದಿಕ್ಕು. ಎಚ್‌ಎಎಲ್‌ನದ್ದೂ ದೇವನಹಳ್ಳಿಯದ್ದೂ ಪೂರ್ವ–ಪಶ್ಚಿಮ, ನಮ್ಮ ಸೀಮೆಯ ಗಾಳಿ ಹಾಗೆ ಬೀಸುತ್ತದೆ. ಕನಕಪುರ ರಸ್ತೆಯಲ್ಲಿ ಬರುವುದೂ ಅದೇ ದಿಕ್ಕು ಹಿಡಿದರೆ ಒಂದು ತುದಿಯಲ್ಲಿ ಬನ್ನೇರುಘಟ್ಟದ ಕಾಡು, ಇನ್ನೊಂದು ತುದಿಯ ಕಡೆ ರಾಮನಗರದ ಬೆಟ್ಟಗಳು. ಐದಾರು ಕಿಲೋ ತೂಗುವ ಹಕ್ಕಿ ಎಂಜಿನ್ನಿಗೆ ಹೊಕ್ಕರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಜಾಗ ಆರಿಸುವಾಗ ಬೆಟ್ಟದ ಎತ್ತರ, ಮಣ್ಣಿನ ಗುಣ, ಹೆದ್ದಾರಿಯ ಹತ್ತಿರ ಎಲ್ಲ ಅಳೆಯುತ್ತಾರೆ. ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಹಕ್ಕಿಗಳ ಓಡಾಟ ಎಣಿಸಿ ಬರೆದ ವರದಿ ಇಲ್ಲದೆ ಜಾಗ ಒಪ್ಪಬಾರದು, ಆ ವರದಿ ಕನ್ನಡದಲ್ಲಿ ಪಂಚಾಯಿತಿ ಕಚೇರಿಗೆ ಬರಬೇಕು. ನನ್ನ ದಿಗಿಲು ಇನ್ನೊಂದಿದೆ. ನಿಲ್ದಾಣ ಮೊದಲು ಬಂದು, ಆಮೇಲೆ ರಣಹದ್ದೇ ವಿಮಾನಕ್ಕೆ ಅಪಾಯ ಎಂದು ಯಾರಾದರೂ ಬರೆದುಬಿಟ್ಟರೆ ಆ ಬೆರಳೆಣಿಕೆಯ ಹಕ್ಕಿಗಳ ಗತಿ ಏನು?

ದೊಡ್ಡ ಹಕ್ಕಿಯದ್ದು ಅರಣ್ಯ ಇಲಾಖೆಯ ತಲೆನೋವು ಎನ್ನಿ. ಗರುಡ, ಕಾಗೆ, ಬೆಳ್ಳಕ್ಕಿಗಳದ್ದು ಪಂಚಾಯಿತಿಯದೇ. ಹಾರೋಹಳ್ಳಿಯಿಂದ ಸಂಗಮದವರೆಗೆ ರಸ್ತೆ ಬದಿಯಲ್ಲಿ, ಕೆರೆ ಕೋಡಿಯಲ್ಲಿ ಕೋಳಿ ಅಂಗಡಿಯ ಪುಕ್ಕ, ಕರುಳು ತುಂಬಿದ ಚೀಲಗಳನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ವಿಮಾನ ನಿಯಮಗಳ 91ನೇ ನಿಯಮದ ಪ್ರಕಾರ ನಿಲ್ದಾಣದ ಸುತ್ತ ಹತ್ತು ಕಿಲೋಮೀಟರಿನೊಳಗೆ ಹಕ್ಕಿ ಸೇರುವಂತೆ ಪ್ರಾಣಿ ಕಡಿಯುವಂತಿಲ್ಲ, ಕಸ ಸುರಿಯುವಂತಿಲ್ಲ. ಅದು ಕಾಗದದ ಮೇಲಿನ ಮಾತೆಂದು ತಿಳಿಯಬೇಡಿ. 2025ರಲ್ಲಿ ಏರೋ ಇಂಡಿಯಾ ಪ್ರದರ್ಶನಕ್ಕೆಂದು ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರ್ ವ್ಯಾಪ್ತಿಯ ಮಾಂಸದಂಗಡಿ, ಮಾಂಸಾಹಾರಿ ಹೋಟೆಲುಗಳನ್ನು ಜನವರಿ 23ರಿಂದ ಫೆಬ್ರುವರಿ 17ರವರೆಗೆ ಮುಚ್ಚಿಸಿದರು. ಅಂಗಡಿಯವನ ಸುಮಾರು ಒಂದು ತಿಂಗಳ ದುಡಿಮೆ ಹೋಯಿತು. ನಾಟಿ ಕೋಳಿ ಸಾರಿಗೆ ಹೆಸರಾದ ಸೀಮೆ ನಮ್ಮದು. ಹತ್ತು ಕಿಲೋಮೀಟರಿನಲ್ಲಿ ಎಷ್ಟು ಅಂಗಡಿ, ಎಷ್ಟು ಮಿಲಿಟರಿ ಹೋಟೆಲು ಬರುತ್ತವೆ ಎಂದು ಒಮ್ಮೆ ಎಣಿಸಿ ನೋಡಿ. ತ್ಯಾಜ್ಯವನ್ನು ದಿನವೂ ಸಂಗ್ರಹಿಸಿ ಮುಚ್ಚಿದ ಘಟಕದಲ್ಲಿ ಸಂಸ್ಕರಿಸಿದರೆ ಅಂಗಡಿ ಮುಚ್ಚಿಸುವ ಪ್ರಮೇಯ ಬರುವುದಿಲ್ಲ. ಆ ಘಟಕದ ಖರ್ಚು ಯಾರದ್ದು? ವಿಮಾನ ನಿಲ್ದಾಣದ್ದು. ಇದನ್ನು ನೋಡಿಕೊಳ್ಳಲು ಪ್ರತಿ ನಿಲ್ದಾಣಕ್ಕೂ ಪರಿಸರ ನಿರ್ವಹಣಾ ಸಮಿತಿ ಎಂದು ಒಂದಿರುತ್ತದೆ. ಮೇಜಿನ ಸುತ್ತ ಅಧಿಕಾರಿಗಳು ಕೂರುತ್ತಾರೆ. ಕಸ ಬೀಳುವುದು ಯಾರ ಊರಿನಲ್ಲೋ ಆ ಊರಿನವರಿಗೆ ಅಲ್ಲಿ ಕುರ್ಚಿ ಕೇಳಿ.

ಎತ್ತರದ ಮಾತು ಚಿಕ್ಕದಾಗಿ. ನಿಲ್ದಾಣದ ಸುತ್ತ ಇಪ್ಪತ್ತು ಕಿಲೋಮೀಟರಿನವರೆಗೆ ಕಟ್ಟಡದ ಎತ್ತರಕ್ಕೆ ಬಣ್ಣ ಬಣ್ಣದ ವಲಯ ನಕ್ಷೆ ಮಾಡುತ್ತಾರೆ. ಕೆಂಪು ವಲಯದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರವಿಲ್ಲದೆ ಏನೂ ಏಳುವಂತಿಲ್ಲ. ಮೊಬೈಲ್ ಟವರ್, ನೀರಿನ ಟ್ಯಾಂಕ್, ದೇವಸ್ಥಾನದ ರಾಜಗೋಪುರ, ಯಾವುದೂ. ಏರ್‌ಪೋರ್ಟ್ ಪಕ್ಕ ಎಂದು ಸೈಟು ಮಾರುವ ಬ್ರೋಕರುಗಳು ಈ ನಕ್ಷೆ ತೋರಿಸುವುದಿಲ್ಲ. ಮದುವೆ ಶೂಟಿಂಗಿಗೆ ಡ್ರೋನ್ ಹಾರಿಸುವ ಹುಡುಗರಿಗೂ ತಿಳಿಸಿ: 2021ರ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣದ ಗಡಿಯಿಂದ ಹನ್ನೆರಡು ಕಿಲೋಮೀಟರಿನವರೆಗೆ ಎಲ್ಲಿ, ಎಷ್ಟು ಎತ್ತರ ಎಂದು ನೋಡಿಕೊಂಡು, ಬೇಕಾದಲ್ಲಿ ಅನುಮತಿ ಪಡೆದೇ ಹಾರಿಸಬೇಕು. ಜಾತ್ರೆಯ ಆರ್ಕೆಸ್ಟ್ರಾದ ಲೇಸರ್ ದೀಪ ಇಳಿಯುವ ಪೈಲಟ್ಟಿನ ಕಣ್ಣು ಕುಕ್ಕುತ್ತದೆ.

ಉದ್ಯೋಗದ ವಿಷಯಕ್ಕೆ ಬಂದರೆ ಭದ್ರತೆಯ ಮಾತೂ ಬರುತ್ತದೆ. ನಿಲ್ದಾಣದ ಒಳಗೆ ಕಸ ಗುಡಿಸುವವನಿಂದ ಹಿಡಿದು ಸಾಮಾನು ಏರಿಸುವವನವರೆಗೆ ಎಲ್ಲರಿಗೂ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊದ ಪಾಸು ಬೇಕು, ಅದಕ್ಕೆ ಪೊಲೀಸ್ ಪರಿಶೀಲನೆ ಆಗಬೇಕು. ಅದು ಬೇಕಾದದ್ದೇ, ಅದರಲ್ಲಿ ಸಡಿಲ ಬಿಡಬಾರದು. ಆದರೆ ಹೀಗೊಂದು ಗಂಟಿದೆ. ಭೂಸ್ವಾಧೀನದ ವಿರುದ್ಧ ಧರಣಿ ಕೂತವರ ಮೇಲೆ ಕೇಸು ಬೀಳುವುದು ನಮ್ಮ ರಾಜ್ಯದಲ್ಲಿ ಹೊಸದಲ್ಲ. ಇಪ್ಪತ್ತರ ಹುಡುಗ ಅಪ್ಪನ ಜತೆ ರಸ್ತೆ ತಡೆಗೆ ಕೂತು ಎಫ್‌ಐಆರ್ ಹಾಕಿಸಿಕೊಂಡರೆ, ಮುಂದೆ ಅದೇ ಜಮೀನಿನ ಮೇಲೆ ಎದ್ದ ನಿಲ್ದಾಣದಲ್ಲಿ ಪಾಸಿಗೆ ಅರ್ಜಿ ಹಾಕಿದಾಗ ಪೊಲೀಸರ ಕಡತದಲ್ಲಿ ಆ ಕೇಸು ಎದ್ದು ನಿಲ್ಲುತ್ತದೆ. ಜಮೀನು ಕಳೆದುಕೊಂಡ ಮನೆಗೊಂದು ಕೆಲಸ ಎಂಬ ಭರವಸೆ ಅಲ್ಲಿಗೆ ಮುಗಿಯಿತು. ಹೋರಾಟದ ಕೇಸುಗಳನ್ನು ಹಿಂಪಡೆಯುವುದು ಕೆಲಸದ ಮಾತಿನ ಭಾಗವೇ ಎಂದು ಈಗಲೇ ಬರೆಸಿಕೊಳ್ಳಿ. ಜತೆಗೆ, ಏರ್‌ಪೋರ್ಟ್ ಕೆಲಸ ಗ್ಯಾರಂಟಿ ಎಂದು ಬೋರ್ಡು ಹಾಕಿ ಫೀಸು ಕಟ್ಟಿಸಿಕೊಳ್ಳುವ ಕೋರ್ಸುಗಳ ಬಾಗಿಲಿಗೆ ಮಕ್ಕಳನ್ನು ಕಳಿಸುವ ಮೊದಲು ಆ ಸರ್ಟಿಫಿಕೇಟಿನಿಂದಲೇ ಯಾರಿಗೆ, ಯಾವ ಕಂಪನಿಯಲ್ಲಿ ಕೆಲಸ ಸಿಕ್ಕಿದೆ ಎಂದು ಕೇಳಿ. ಐಟಿಐ, ಡಿಪ್ಲೊಮಾ, ಭಾರಿ ವಾಹನದ ಲೈಸೆನ್ಸು, ನರ್ಸಿಂಗ್ ಓದಿದವರನ್ನು ನಿಲ್ದಾಣ ತಾನಾಗಿ ಹುಡುಕುತ್ತದೆ.

ಜಮೀನಿನ ಕಾನೂನು ನನ್ನ ಕಸುಬಲ್ಲ, ಆದರೂ ಒಂದು ಮಾತು ಬಿಡಲಾಗದು. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಖಾಸಗಿ ಸಹಭಾಗಿತ್ವದ ಯೋಜನೆಯಾದರೆ ಬಾಧಿತ ಕುಟುಂಬಗಳಲ್ಲಿ ಶೇಕಡಾ 70ರಷ್ಟು ಒಪ್ಪಬೇಕು, ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು, ಅದರ ವಿಚಾರಣೆ ನಿಮ್ಮ ಸೀಮೆಯಲ್ಲೇ ನಡೆಯಬೇಕು. ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಬಳಸುವುದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, ಅಂದರೆ ಕೆಐಎಡಿಬಿಯದ್ದು. ಅದರಲ್ಲಿ ಆ ಒಪ್ಪಿಗೆಯ ಷರತ್ತಿಲ್ಲ. ಯಾವ ಕಾಯ್ದೆಯಡಿ ನೋಟಿಸು ಬರುತ್ತದೆ ಎಂಬುದರ ಮೇಲೆ ನಿಮ್ಮ ಮಾತಿಗೆ ಎಷ್ಟು ತೂಕ ಎಂಬುದು ನಿಂತಿದೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯವರನ್ನು ನೋಡಿ. ಏರೋಸ್ಪೇಸ್ ಪಾರ್ಕಿಗೆಂದು 13 ಹಳ್ಳಿಗಳ 1,777 ಎಕರೆ ಹಿಡಿಯಲು ಹೊರಟಾಗ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟದ್ದಾಗಿ ಹೇಳಿದರು. ಅಷ್ಟು ದಿನ ದುಡಿಮೆ ಬಿಟ್ಟು ಕೂತ ನಷ್ಟ ಯಾರ ಲೆಕ್ಕದಲ್ಲೂ ಇಲ್ಲ. ಮೊದಲ ದಿನವೇ ಕೂತು ಮಾತಾಡಿದ್ದರೆ ಅಷ್ಟು ದಿನ ಬೇಕಿರಲಿಲ್ಲ.

ಇನ್ನು ಸಾಮಾಜಿಕ ಹೊಣೆ ಎಂಬ ದೊಡ್ಡ ಮಾತು. ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಲಾಭದ ಶೇಕಡಾ ಎರಡನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆ ದುಡ್ಡು ನಮ್ಮ ಕಡೆ ಬರುವುದು ಹೇಗೆ ಗೊತ್ತಲ್ಲ: ಶಾಲೆ ಗೋಡೆಗೆ ಬಣ್ಣ, ಬಣ್ಣದ ಮೇಲೆ ಕಂಪನಿ ಹೆಸರು, ಶುದ್ಧ ನೀರಿನ ಘಟಕ, ಆರು ತಿಂಗಳಿಗೆ ಅದಕ್ಕೊಂದು ಬೀಗ. ನನಗೆ ಇದರಲ್ಲಿ ನಂಬಿಕೆ ಕಡಿಮೆ. ಮೇಲೆ ಹೇಳಿದ ಆಸ್ಪತ್ರೆ, ಸೇತುವೆ, ತ್ಯಾಜ್ಯ ಘಟಕ, ಅವುಗಳ ಜತೆಗೆ ಆನೆ ತಡೆಯುವ ರೈಲ್ವೆ ಕಂಬಿ ಬೇಲಿ ಇವೆಲ್ಲ ದಾನವಾಗಿ ಬರಬಾರದು. ನಿಲ್ದಾಣ ಕಟ್ಟುವ ಖರ್ಚಿನ ಪಟ್ಟಿಯಲ್ಲೇ, ರನ್‌ವೇ ಡಾಂಬರಿನ ಪಕ್ಕದ ಸಾಲಿನಲ್ಲೇ ಇರಬೇಕು. ಗುತ್ತಿಗೆ ಒಪ್ಪಂದದಲ್ಲಿ ಬರೆದದ್ದು ಉಳಿಯುತ್ತದೆ. ಬನ್ನೇರುಘಟ್ಟದ ಸುತ್ತಲ ಪರಿಸರ ಸೂಕ್ಷ್ಮ ವಲಯ ಮೊದಲ ಕರಡಿನಲ್ಲಿ 268 ಚದರ ಕಿಲೋಮೀಟರ್ ಇದ್ದದ್ದು 2020ರ ಅಂತಿಮ ಅಧಿಸೂಚನೆಯಲ್ಲಿ 168ಕ್ಕೆ ಇಳಿಯಿತು. ಬಾಯಲ್ಲಿ ಕೊಟ್ಟ ಮಾತು ಇನ್ನೆಷ್ಟು ಇಳಿದೀತು ಲೆಕ್ಕ ಹಾಕಿ.

ಹಾಗಾದರೆ ಮಾಡಬೇಕಾದ್ದೇನು? ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಒಂದು ವಿಷಯವಾಗಿ ಹಾಕಿಸಿ, ಮೈಕು ಮೊದಲು ಹಿಂದಿನ ಸಾಲಿಗೆ ಕೊಡಿ. ಹೋಬಳಿಯ ಪಂಚಾಯಿತಿಗಳೆಲ್ಲ ಒಂದೇ ಒಕ್ಕಣೆಯ ಠರಾವು ಮಾಡಿ, ಹಾರೋಹಳ್ಳಿ, ಸಾತನೂರು, ಉಯ್ಯಂಬಳ್ಳಿ ಕಡೆಯವರನ್ನೂ ಸೇರಿಸಿಕೊಳ್ಳಿ. ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ನಮ್ಮ ಜಿಲ್ಲೆಯ ಜಿಲ್ಲಾಧಿಕಾರಿ, ರಾಜ್ಯದ ಮೂಲಸೌಕರ್ಯ ಅಭಿವೃದ್ಧಿ ಇಲಾಖೆ, ದೆಹಲಿಯ ನಾಗರಿಕ ವಿಮಾನಯಾನ ಸಚಿವಾಲಯ, ಮೂವರಿಗೂ ಪ್ರತಿ ಹೋಗಲಿ. ಠರಾವಿನಲ್ಲಿ ಬೇಡಿಕೆ ಹೆಚ್ಚು ಬೇಡ. ತುರ್ತು ಯೋಜನೆಯ ಸಮಿತಿಯಲ್ಲಿ ಮತ್ತು ಪರಿಸರ ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿಗಳ ಇಬ್ಬರು ಪ್ರತಿನಿಧಿಗಳು, ಅವರಲ್ಲಿ ಒಬ್ಬರು ಹೆಂಗಸು. ಹಕ್ಕಿ ಮತ್ತು ಆನೆಗಳ ಮೂರು ಋತುವಿನ ಅಧ್ಯಯನ ಕನ್ನಡದಲ್ಲಿ. ನೆಲದ ಮೇಲೆ ಇರುವವರಿಗೂ ವಿಮೆಯ ಖಾತರಿ. ಆಸ್ಪತ್ರೆ ಮೊದಲು, ಟರ್ಮಿನಲ್ ಆಮೇಲೆ. ಸ್ವಾಧೀನ ಯಾವ ಕಾಯ್ದೆಯಡಿ ಎಂದು ಲಿಖಿತ ಉತ್ತರ.

ತಾಲೂಕು ಕಚೇರಿಯಲ್ಲಿ ಕೊಡುವಾಗ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ತಾರೀಖು ಹಾಕಿಸಿ, ಸ್ವೀಕೃತಿ ಮೊಹರು ಒತ್ತಿಸಿಕೊಂಡು ಪಂಚಾಯಿತಿ ಬೀರುವಿನಲ್ಲಿಡಿ. ಕರಡು ಬರೆಯಲು, ಚೌಕುಳಿ ನಕ್ಷೆ ಗುರುತು ಹಾಕಲು ಕರೆದರೆ ಬರುತ್ತೇನೆ.

ನಿಮ್ಮೂರಿನವನೇ ಆದ,
ಒಬ್ಬ ನಿವೃತ್ತ ಅಗ್ನಿಶಾಮಕ